ಲಾಡ್ ಬಜಾರಿನ ಅರಗಿನ ಬಳೆ

ಗೆಳತಿಯ ಮಗಳ ಮದುವೆ ನಿಶ್ಚಯವಾದ ಮೇಲೆ ಜವಳಿ ತರಲೆಂದು ನಾವಿಬ್ಬರೂ ಕಲಬುರಗಿಯಿಂದ ಹೈದರಾಬಾದಿಗೆ ಹೋಗಿದ್ದೆವು. ಮದುವೆಯ ಖರೀದಿಯೆಂದರೆ ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಮೊದಲು ನೆನಪಾಗುವುದು ಹೈದರಾಬಾದೇ. 1956ರವರೆಗೆ ಒಂದೇ ರಾಜ್ಯದಲ್ಲಿದ್ದ ಊರುಗಳ ಈ ರೂಢಿ ಗಡಿ ಬದಲಾದ ಮೇಲೂ ಉಳಿದುಕೊಂಡಿದೆ.

ಸೀರೆಗಳ ಖರೀದಿ ಬೇಗ ಮುಗಿಯಿತು. ಬೀಗರಿಗೆ ನಾರಾಯಣಪೇಟೆ ಸೀರೆಗಳು, ವಧುವಿಗೆ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಮತ್ತು ಸೆರಗು ಕೂಡಿಸಿ ನೇಯ್ದ ಗದ್ವಾಲ ಸೀರೆ, ನನಗೊಂದು ಪೋಚಂಪಲ್ಲಿ. ಪೋಚಂಪಲ್ಲಿ ಕೊಳ್ಳುವವರು ಸೀರೆಯನ್ನು ತಿರುವಿ ನೋಡಬೇಕು: ನೂಲನ್ನೇ ಕಟ್ಟಿ ಬಣ್ಣ ಹಾಕಿ ನೇಯ್ದದ್ದಾದರೆ ವಿನ್ಯಾಸ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿರುತ್ತದೆ, ಅಚ್ಚು ಹಾಕಿದ್ದಾದರೆ ಹಿಂಬದಿ ಮಾಸಲಾಗಿರುತ್ತದೆ. ಮಾಲುಗಳಿಗೂ ಹೋಗಿಬಂದೆವು, ಎಲ್ಲ ಊರುಗಳಲ್ಲಿಯೂ ಸಿಗುವ ಆ ಸರಕಿಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ.

ಮುತ್ತಿನ ಅಂಗಡಿಯ ಪ್ರಸಂಗ ಮಾತ್ರ ಇನ್ನೂ ಮನಸ್ಸಿನಲ್ಲಿ ಚುಚ್ಚುತ್ತಿದೆ. ನಾಂಪಲ್ಲಿ ನಿಲ್ದಾಣದ ಹೊರಗೆ ನಾವು ಹತ್ತಿದ ಆಟೋದವನು ಚಾರ್ಮಿನಾರ್ ಕಡೆ ಇಂದು ಅಂಗಡಿಗಳೆಲ್ಲ ಬಂದ್ ಎಂದು ನಂಬಿಸಿ, ತನಗೆ ದಲಾಲಿ ಕೊಡುವ ಅಂಗಡಿಯೊಂದರ ಮುಂದೆ ನಮ್ಮನ್ನು ಇಳಿಸಿದ; ಉಪಚಾರ ಮಾಡಿ ಚಹಾ ಕೊಟ್ಟವರು, ಏನನ್ನೂ ಕೊಳ್ಳದೆ ಎದ್ದಾಗ ಆಡಿದ ಮಾತನ್ನು ಗೆಳತಿ ಇಂದಿಗೂ ಮರೆತಿಲ್ಲ. ಮುಂದೆ ಚಾರ್ಮಿನಾರಿಗೆ ಹೋಗಿ ನೋಡಿದರೆ ಬಜಾರವೆಲ್ಲ ತೆರೆದೇ ಇತ್ತು. ನಾಂಪಲ್ಲಿಯಲ್ಲಿ ಇಳಿದವರು ಮೆಟ್ರೋ ಹಿಡಿದು ಎಂ.ಜಿ.ಬಿ.ಎಸ್. (ಮಹಾತ್ಮ ಗಾಂಧಿ ಬಸ್ ನಿಲ್ದಾಣ) ಮೆಟ್ರೋ ನಿಲ್ದಾಣಕ್ಕೆ ಹೋಗಿ, ಮೂಸಿ ನದಿ ದಾಟಿ, ಮದೀನಾ ಮಾರ್ಗವಾಗಿ ಪತ್ಥರ್‌ಗಟ್ಟಿಯ ಕಲ್ಲಿನ ಕಮಾನುಗಳ ಕೆಳಗೆ ನಡೆದು ಹೋಗುವುದು ಒಳ್ಳೆಯದು. 1908ರ ಮೂಸಿ ಪ್ರವಾಹದ ನಂತರ ನಗರವನ್ನು ಸುಧಾರಿಸುವಾಗ ಕಟ್ಟಿದ ಆ ಸಾಲಿನಲ್ಲಿ ಮುತ್ತಿನ ಅಂಗಡಿಗಳು ಬೇಕಾದಷ್ಟಿವೆ. ಮುತ್ತನ್ನು ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿದಾಗ ತರಿತರಿಯಾಗಿ ಹತ್ತಬೇಕು. ನುಣ್ಣಗೆ ಜಾರಿದರೆ ಅದು ಗಾಜು ಅಥವಾ ಪ್ಲಾಸ್ಟಿಕ್ ಇರಬಹುದು.

ಚಾರ್ಮಿನಾರಿನಿಂದ ಪಶ್ಚಿಮಕ್ಕೆ ಹೊರಡುವ ಲಾಡ್ ಬಜಾರಿನಲ್ಲಿ ಎಲ್ಲಿ ನೋಡಿದರೂ ಬಳೆ. ಹೈದರಾಬಾದಿನ ಅರಗಿನ ಬಳೆಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಆದರೆ ಹರಳುಗಳನ್ನು ಅಂಟಿನಿಂದ ಕೂರಿಸಿದ ಲೋಹದ ಬಳೆಗಳೂ ಅವುಗಳ ಜೊತೆಗೇ ಜೋಡಿಸಿಟ್ಟಿರುವುದರಿಂದ, ದೀಪಗಳ ಬೆಳಕಿನಲ್ಲಿ ಹೊಸಬರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮಾಡುವುದನ್ನು ನೋಡಿಯೇ ಕೊಳ್ಳುತ್ತೇನೆಂದು ಗೆಳತಿ ಹಟ ಹಿಡಿದಾಗ ಅಂಗಡಿಯ ಹುಡುಗನೊಬ್ಬ ನಮ್ಮನ್ನು ಪಕ್ಕದ ಓಣಿಯ ಸಣ್ಣ ಕೋಣೆಗೆ ಕರೆದೊಯ್ದ.

ಅಲ್ಲಿ ವಯಸ್ಸಾದ ಒಬ್ಬರು ಇದ್ದಿಲ ಒಲೆಯ ಮುಂದೆ ಕುಳಿತು, ಕಾದ ತಗಡಿನ ಮೇಲೆ ಅರಗನ್ನು ಮೆತ್ತಗೆ ಮಾಡಿ, ಮರದ ತುಂಡಿನಿಂದ ಹೊಸೆದು ಬತ್ತಿ ಮಾಡುತ್ತಿದ್ದರು. ಬಣ್ಣದ ಅರಗು ಸವರಿದ ಬತ್ತಿಯನ್ನು ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ, ತುದಿಗಳನ್ನು ಬೆಸೆದು, ಒಂದು ಕಡೆ ಸಪೂರವಾದ ಮರದ ಗೂಟಕ್ಕೆ ಏರಿಸಿ ದುಂಡಗೆ ಮಾಡುತ್ತಿದ್ದರು. ಪಕ್ಕದಲ್ಲಿದ್ದ ಹೆಂಗಸು ಬಳೆಯನ್ನು ಬೆಂಕಿಗೆ ಹಿಡಿದು ಹರಳುಗಳನ್ನು ಒಂದೊಂದಾಗಿ ಒತ್ತುತ್ತಿದ್ದಳು. ಬಿಸಿ ಹೆಚ್ಚಾದರೆ ಹರಳು ಮುಳುಗುತ್ತದೆ, ಕಡಿಮೆಯಾದರೆ ನಿಲ್ಲುವುದಿಲ್ಲ. ಹದ ತಪ್ಪದಿದ್ದರೆ ಅಂಟಿನ ಹಂಗಿಲ್ಲದೆ ಅರಗೇ ಅದನ್ನು ಕಚ್ಚಿ ಹಿಡಿಯುತ್ತದೆ.

ಅಳತೆ ಕೇಳಿದಾಗ ಗೆಳತಿ ‘ಎರಡೂ ನಾಲ್ಕು’ ಎಂದಳು. “ಗಾಜಿನ ಬಳೆಯ ಲೆಕ್ಕ ಇದಕ್ಕೆ ಬರುವುದಿಲ್ಲ ಅಮ್ಮಾ, ಅರಗಿನದು ಅಗಲ, ಗೆಣ್ಣು ದಾಟುವಾಗ ತಡೆಯುತ್ತದೆ” ಎಂದು ಅವರು ದಖನಿ ಉರ್ದುವಿನಲ್ಲಿ ಹೇಳಿದರು. ಅವಳು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಮಗಳ ಗಾಜಿನ ಬಳೆಯನ್ನು ಗೂಟಕ್ಕೆ ಇಳಿಸಿ, ಅದು ನಿಂತ ಜಾಗಕ್ಕಿಂತ ತುಸು ಕೆಳಗೆ, ಗೂಟ ದಪ್ಪವಾಗುವ ಕಡೆ, ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ಆಮೇಲೆ ನಮ್ಮ ಊರು ಕೇಳಿದರು.

ಕಲಬುರಗಿ ಎಂದೊಡನೆ ಕೆಲಸ ನಿಂತಿತು. “ಬಂದೇನವಾಜರ ಊರಿನವರಾ?” ಎಂದವರೇ ನಮಗೆ ಕೂರಲು ಚಾಪೆ ಹಾಸಿಸಿದರು. ಚಿಕ್ಕಂದಿನಲ್ಲಿ ತಂದೆಯ ಜೊತೆ ಆ ಸೂಫಿ ಸಂತರ ಉರುಸಿಗೆ ಬಂದು ದರ್ಗಾದ ಹತ್ತಿರ ಬಳೆ ಮಾರುತ್ತಿದ್ದರಂತೆ. ಕೈ ನೋಡಿಯೇ ಅಳತೆ ಹೇಳುವುದನ್ನು ಕಲಿತದ್ದು ಅಲ್ಲಿಯೇ ಎಂದರು. ಗೆಳತಿಯ ತಾಯಿಯೂ ಉರುಸಿನಲ್ಲಿಯೇ ಬಳೆ ಇಡಿಸಿಕೊಳ್ಳುತ್ತಿದ್ದರು. ಆ ನೆನಪು ಬಂದು ಅವಳ ಕಣ್ಣು ತುಂಬಿತು. ಜಾತ್ರೆ ಈಗ ಎಷ್ಟು ದೂರ ಹಬ್ಬುತ್ತದೆ, ಹಳ್ಳಿಯವರು ಮೊದಲಿನಂತೆ ಬರುತ್ತಾರೆಯೇ ಎಂದು ಅವರು ಕೇಳುತ್ತಲೇ ಇದ್ದರು.

ಬೀದಿಯಲ್ಲಿ ಹೇಳಿದ ಬೆಲೆಯ ಅರ್ಧದಿಂದ ಮಾತು ಶುರು ಮಾಡಬೇಕೆಂಬುದು ಅವಳ ನಿಯಮ. ಅಲ್ಲಿ ಅದು ಸರಿಯೂ ಹೌದು. ಇಲ್ಲಿ ಅವಳು ಕೇಳಿದ್ದು ಒಂದೇ: “ಚಾಚಾ, ಈ ಅಕ್ಕನಿಗೆ ಎಷ್ಟು ಸಿಗುತ್ತದೆ?” ಹರಳು ಕೂರಿಸುವವರ ಕೂಲಿ ಮಾರುವವನ ಲಾಭದ ಮುಂದೆ ಏನೂ ಅಲ್ಲವೆಂದು ಅವರು ಮರೆಮಾಚದೆ ಹೇಳಿದರು. ಆ ಬಳೆಗಳಿಗೆ ಹೇಳಿದ ಬೆಲೆಯನ್ನು ನಾವು ಪೂರ್ತಿಯಾಗಿ ಕೊಟ್ಟೆವು, ಕೊಡಬೇಕಾದದ್ದೂ ಅಷ್ಟೇ.

ವಧುವಿನ ಬಳೆಗಳು ಅಂದೇ ಸಿಕ್ಕವು. ಬೀಗರ ಮನೆಯ ಹೆಂಗಸರಿಗೆ ಬೇಕಾದವನ್ನು, ಅಳತೆಗೆ ಒಂದೊಂದು ಹಳೆಯ ಬಳೆ ಕಳಿಸಿದರೆ, ಉರುಸಿಗೆ ಬರುವಾಗ ತಾವೇ ತರುವುದಾಗಿ ಹೇಳಿದರು; ಮುಂಗಡ ಬೇಡವೆಂದರು. ಉರುಸು ಮದುವೆಗಿಂತ ಮೊದಲೇ ಬೀಳುತ್ತದೆ. ಊರಿಗೆ ಮರಳಿದ ವಾರದಲ್ಲಿಯೇ ಬೀಗರಿಂದ ಬಳೆಗಳನ್ನು ತರಿಸಿ, ಒಂದೊಂದಕ್ಕೂ ಹೆಸರಿನ ಚೀಟಿ ಕಟ್ಟಿ, ಹತ್ತಿಯಲ್ಲಿ ಸುತ್ತಿ ಅಂಚೆಗೆ ಹಾಕಿದ್ದೇವೆ.