ಏಟು ತಗೊಳ್ಳುವುದು ಗುರುವಿನ ಕೆಲಸ

ನರಿತಾ ವಿಮಾನ ನಿಲ್ದಾಣದಲ್ಲಿ ಇಳಿಯುವ ನಮ್ಮವರೆಲ್ಲ ಟೋಕಿಯೊ ಕಡೆಯ ರೈಲು ಹತ್ತುತ್ತಾರೆ. ನಾವಿರುವುದು ಅದರ ವಿರುದ್ಧ ದಿಕ್ಕಿನಲ್ಲಿ, ಚಿಬಾ ಪ್ರಾಂತ್ಯದ ಕತೋರಿ ಕಡೆ. ಸುತ್ತ ಗದ್ದೆ, ಸಿಹಿಗೆಣಸಿನ ಹೊಲ. ಪಕ್ಕದ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಒಬ್ಬ ಹಿರಿಯರಿದ್ದಾರೆ. ನನ್ನ ಮಗಳು ಅವರನ್ನ ‘ಒಜೀಸಾನ್’ ಅಂತಾಳೆ, ಅಂದ್ರೆ ಅಜ್ಜ. ಗೆಣಸು ಕಿತ್ತ ದಿನ ಒಂದು ಬುಟ್ಟಿ ನಮ್ಮ ಬಾಗಿಲಿಗೆ ಬಂದೇ ಬರುತ್ತೆ. ಮೂರು ವರ್ಷ ನಮಗೆ ಅವರ ಬಗ್ಗೆ ಗೊತ್ತಿದ್ದಿದ್ದು ಇಷ್ಟೇ.

ಆಮೇಲೆ ಒಂದು ನವೆಂಬರ್ 3. ಆ ದಿನ ಇಲ್ಲಿ ಸಂಸ್ಕೃತಿ ದಿನದ ರಜೆ. ಟೋಕಿಯೊದ ಮೇಜಿ ದೇವಾಲಯದ ಅಂಗಳದಲ್ಲಿ ಹಳೇ ಯುದ್ಧಕಲೆಗಳ ಪ್ರದರ್ಶನ ನಡೆಯುತ್ತೆ. ಸುಮ್ನೆ ನೋಡೋಣ ಅಂತ ಹೋಗಿದ್ದೆವು. ಒಂದು ತಂಡ ಬಂತು. ಹಕಾಮಾ (ನೆರಿಗೆಯ ಅಗಲ ಉಡುಪು) ಉಟ್ಟ ಇಬ್ಬರು, ಇಬ್ಬರ ಕೈಯಲ್ಲೂ ಮರದ ಕತ್ತಿ. ‘ಏಯ್! ಯಾ! ತೋ!’ ಅನ್ನುವ ಕೂಗು. ಮಗಳು ನನ್ನ ಕೈ ಜಗ್ಗಿ, "ಅಪ್ಪಾ, ಒಜೀಸಾನ್!" ಅಂದಳು. ಹೌದು, ಅವರೇ. ಎದುರಿಗಿದ್ದ ಹುಡುಗ ಏಟಿನ ಮೇಲೆ ಏಟು ಹಾಕುತ್ತಿದ್ದ. ಇವರು ಒಂದೊಂದನ್ನೂ ತಡೆಯುತ್ತಾ ಹಿಂದೆ ಸರಿಯುತ್ತಿದ್ದರು. ಕೊನೆಯ ಏಟಿನಲ್ಲಿ ಸೋತವರೂ ಇವರೇ. ನನಗೆ ಪಾಪ ಅನ್ನಿಸಿತು. ಈ ವಯಸ್ಸಿನಲ್ಲಿ ಯಾಕೆ ಸೋಲುವ ಪಾತ್ರ ಕೊಟ್ಟಿದ್ದಾರೆ ಅಂತ.

ಊರಿಗೆ ಬಂದ ಮೇಲೆ ಕೇಳಿದೆ. ಅವರು ನಕ್ಕು, "ಭಾನುವಾರ ದೇವಸ್ಥಾನಕ್ಕೆ ಹೋಗೋಣ ಬನ್ನಿ, ಅಲ್ಲಿ ಹೇಳ್ತೀನಿ" ಅಂದರು. ಎಲ್ಲ ಹೇಳೋಕಾಗಲ್ಲ ಅಂತಲೂ ಸೇರಿಸಿದರು. ಅವರ ಕಲೆಯ ಹೆಸರು ತೆನ್ಶಿನ್ ಶೋದೆನ್ ಕತೋರಿ ಶಿಂತೋ ರ್ಯೂ. ‘ರ್ಯೂ’ ಅಂದರೆ ಪಂಥ. ಇದಕ್ಕೆ ಸೇರುವಾಗ ಬೆರಳು ಚುಚ್ಚಿ, ರಕ್ತದ ಗುರುತು ಒತ್ತಿ ಪ್ರಮಾಣ ಮಾಡಬೇಕು. ಅದಕ್ಕೆ ಕೆಪ್ಪನ್ ಅಂತ ಹೆಸರು. ಕಲಿತದ್ದನ್ನ ಅಪ್ಪ ಅಮ್ಮನಿಗೂ ತೋರಿಸುವಂತಿಲ್ಲ. ಜಗಳಕ್ಕೆ ಬಳಸುವಂತಿಲ್ಲ. ಜೂಜಾಡುವಂತಿಲ್ಲ, ಕೆಟ್ಟ ಜಾಗಗಳಿಗೆ ಹೋಗುವಂತಿಲ್ಲ. ಅಪ್ಪಣೆ ಇಲ್ಲದೆ ಬೇರೆ ಪಂಥದವರ ಜೊತೆ ಕತ್ತಿ ತಾಗಿಸುವಂತಿಲ್ಲ. ತಪ್ಪಿದರೆ ಕತೋರಿಯ ದೇವರೂ ಮರಿಶಿತೆನ್ ದೇವಿಯೂ ಕೊಡುವ ಶಿಕ್ಷೆಗೆ ತಲೆಬಾಗುತ್ತೇನೆ ಅಂತ ಬರೆದು ಕೊಡಬೇಕು. ಹಾಗಾಗಿ ಇಲ್ಲಿ ನಾನು ಬರೆಯುತ್ತಿರುವುದೆಲ್ಲ ಈಗಾಗಲೇ ಎಲ್ಲರಿಗೂ ತೆರೆದಿರುವ ವಿಷಯವೇ. ಅವರು ಮುಚ್ಚಿಟ್ಟಿದ್ದನ್ನ ನಾನೂ ಕೇಳಲಿಲ್ಲ.

ಕತೋರಿ ದೇವಾಲಯ ದೊಡ್ಡ ಸುಗಿ (ಜಪಾನಿ ಸೀಡರ್) ಮರಗಳ ನಡುವೆ ಇದೆ. ಕೆಂಪು ಹೆಬ್ಬಾಗಿಲು, ಅದರ ಹಿಂದೆ ಕಪ್ಪು ಅರಗಿನ ಗರ್ಭಗುಡಿ. ಎರಡೂ 1700ರಲ್ಲಿ ಆಗ ದೇಶ ಆಳುತ್ತಿದ್ದ ಶೋಗನ್ (ಸೇನಾಧಿಪತಿ) ತ್ಸುನಯೋಶಿ ಕಟ್ಟಿಸಿದ್ದು. ದೇವಸ್ಥಾನ ಮಾತ್ರ ಅದಕ್ಕಿಂತ ಎಷ್ಟೋ ಹಳೆಯದು. ಇಲ್ಲಿನ ದೇವರು ಫುತ್ಸುನುಶಿ, ಕತ್ತಿಯ ದೇವರು. ತೋನೆ ನದಿಯ ಆಚೆ ಕಶಿಮಾ ಅನ್ನೋ ಇನ್ನೊಂದು ದೇವಾಲಯ, ಅಲ್ಲಿನ ದೇವರೂ ಯುದ್ಧದವನೇ. ನದಿಯ ಈ ಎರಡು ದಡಗಳಿಂದಲೇ ಜಪಾನಿನ ಕತ್ತಿವರಸೆಯ ದೊಡ್ಡದೊಂದು ಪಾಲು ಹೊರಟಿದ್ದು.

ಈ ಪಂಥದ ಕತೆ ಶುರುವಾಗುವುದು ಈಝಸಾ ಚೋಯಿಸಾಯಿ ಇಎನಾವೊ ಅವರಿಂದ. ಸಂಪ್ರದಾಯದ ಪ್ರಕಾರ ಹುಟ್ಟಿದ್ದು 1387ರಲ್ಲಿ, ತೀರಿಕೊಂಡಿದ್ದು 1488ರಲ್ಲಿ. ಇಲ್ಲಿನ ಹಳೇ ಲೆಕ್ಕದಲ್ಲಿ 102 ವರ್ಷ! ಅವರ ಮನೆತನದ ಹೆಸರಿನ ಎರಡು ಅಕ್ಷರಗಳ ಅರ್ಥ ಅನ್ನ ಮತ್ತು ಸಣ್ಣ ಬಿದಿರು. ಕತ್ತಿ, ಈಟಿ ಎರಡರಲ್ಲೂ ಹೆಸರು ಮಾಡಿದ್ದ ಯೋಧ ಅವರು. ಸೇವೆಯಲ್ಲಿದ್ದ ಚಿಬಾ ಮನೆತನ ಒಳಜಗಳದಲ್ಲಿ ಹಾಳಾದ ಮೇಲೆ ಎಲ್ಲ ಬಿಟ್ಟು ಕತೋರಿಗೆ ಬಂದರು. ಒಂದು ದಿನ ಅವರ ಆಳು ದೇವಾಲಯದ ಬಳಿಯ ಊಟೆಯ ನೀರಲ್ಲಿ ಕುದುರೆ ತೊಳೆದ. ಕುದುರೆ ಸತ್ತುಹೋಯಿತು. ಇದು ದೇವರ ಶಕ್ತಿಯೇ ಅಂದುಕೊಂಡು ಸಾವಿರ ದಿನದ ವ್ರತಕ್ಕೆ ಕೂತರು. ಆಗ ಅವರಿಗೆ ಅರವತ್ತು ದಾಟಿತ್ತು. ಹಗಲು ರಾತ್ರಿ ಕತ್ತಿ ಅಭ್ಯಾಸ, ಪೂಜೆ, ಮತ್ತೆ ಅಭ್ಯಾಸ. ಕೊನೆಗೆ ಒಂದು ಹಳೇ ಪ್ಲಮ್ ಮರದ ಮೇಲೆ ಫುತ್ಸುನುಶಿ ಮಗುವಿನ ರೂಪದಲ್ಲಿ ಕಂಡು, ಯುದ್ಧವಿದ್ಯೆಯ ಗ್ರಂಥವೊಂದನ್ನ ಕೊಟ್ಟ ಅನ್ನುವುದು ಪಂಥದ ನಂಬಿಕೆ. ‘ತೆನ್ಶಿನ್ ಶೋದೆನ್’ ಅಂದರೆ ದೇವರಿಂದಲೇ ಸರಿಯಾಗಿ ಬಂದದ್ದು ಅಂತ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದ ಕತೆ ಬಿದಿರಿನದು. ಸವಾಲು ಹಾಕಲು ಬಂದವರನ್ನ ಚೋಯಿಸಾಯಿ ಬೈಯುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ಅಗಲ ಎಲೆಯ ಕುಳ್ಳ ಬಿದಿರಿನ ಪೊದೆಯ ಮೇಲೆ ಹೋಗಿ ಕೂರುತ್ತಿದ್ದರಂತೆ. ಎಲೆ ಬಗ್ಗುತ್ತಲೂ ಇರಲಿಲ್ಲ. "ಬನ್ನಿ, ನೀವೂ ಇಲ್ಲಿ ಕೂತುಕೊಳ್ಳಿ" ಅಂತ ಕರೆಯುತ್ತಿದ್ದರು. ಬಂದವನು ನೋಡಿ ವಾಪಸ್ ಹೋಗುತ್ತಿದ್ದ. ಅವರ ಮಾತೊಂದನ್ನ ಪಂಥದವರು ಇವತ್ತಿಗೂ ಹೇಳುತ್ತಾರೆ: ‘ಹೇಯಿಹೋ ಅಂದರೆ ಹೇಯಿಹೋ’. ಕೇಳಲು ಒಂದೇ ಪದ, ಬರೆಯಲು ಬೇರೆ ಅಕ್ಷರ. ಮೊದಲನೆಯದು ಯುದ್ಧದ ದಾರಿ, ಎರಡನೆಯದು ಶಾಂತಿಯ ದಾರಿ. ಅದನ್ನ ಒಜೀಸಾನ್ ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದು ತೋರಿಸಿದರು.

ಚೋಯಿಸಾಯಿ ಸಮಾಧಿ ದೇವಾಲಯದ ಹತ್ತಿರವೇ ಇದೆ. ದೊಡ್ಡ ಆಡಂಬರ ಏನಿಲ್ಲ, ಮರಗಳ ನೆರಳಲ್ಲಿ ಒಂದು ಕಲ್ಲು. ಅವರ ವಂಶವೂ ಇಲ್ಲೇ ಇದೆ. ಮನೆತನದ ಯಜಮಾನನನ್ನ ‘ಸೋಕೆ’ ಅಂತಾರೆ, ಈಗಿನವರು ಇಪ್ಪತ್ತನೆಯವರು. ಈ ಮನೆತನ ಯಾವ ದೊರೆಯ ಆಸ್ಥಾನಕ್ಕೂ ತನ್ನ ಕಲೆಯನ್ನ ಒಪ್ಪಿಸಲಿಲ್ಲ. ಶೋಗನ್‌ಗಳು ಆಳಿದ ಎದೋ ಕಾಲದಲ್ಲಿ ಅವರ ಮನೆಗೆ ಕತ್ತಿ ಕಲಿಸುವ ಪಂಥಗಳಿಗೆ ಸಂಬಳ, ಪದವಿ ಎಲ್ಲ ಇತ್ತು. ಇವರು ಹಳ್ಳಿಯಲ್ಲೇ ಉಳಿದರು. ಆದರೆ ಬೀಜ ಎಲ್ಲ ಕಡೆ ಹರಡಿತು. ಕಶಿಮಾದ ತ್ಸುಕಹಾರಾ ಬೊಕುದೆನ್ (1489–1571) ಜಪಾನಿನ ಅತಿ ಹೆಸರಾಂತ ಕತ್ತಿಗಾರರಲ್ಲಿ ಒಬ್ಬ. ಅವನ ವಿದ್ಯೆಯ ಒಂದು ಬೇರು ಕತೋರಿಯಲ್ಲೇ ಇದೆ. ಜಪಾನಿನ ಕತ್ತಿ ಪಂಥಗಳಿಗೆ ಮೂಲ ಅಂತ ಮೂರು ಹೆಸರು ಹೇಳುತ್ತಾರೆ: ನೆನ್, ಕಗೆ, ಶಿಂತೋ. ಮೂರನೆಯದು ಇದೇ.

ಈಗ ಮರಿಶಿತೆನ್ ವಿಷಯಕ್ಕೆ ಬರುತ್ತೇನೆ. ಆ ಹೆಸರು ಕೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಇವಳು ನಮ್ಮ ಕಡೆಯಿಂದ ಹೋದವಳು, ಬೌದ್ಧರ ಮಾರೀಚೀ ದೇವಿ. ಸಂಸ್ಕೃತದಲ್ಲಿ ಮರೀಚಿ ಅಂದರೆ ಕಿರಣ. ನಾವು ದಿನಾ ಬಳಸುವ ‘ಮರೀಚಿಕೆ’ ಅದರ ಮಗಳು, ಅಲ್ವಾ? ಸೂರ್ಯನ ಮುಂದೆ ಓಡುವವಳು, ಯಾರಿಗೂ ಕಾಣದವಳು, ಯಾರೂ ಹಿಡಿಯಲಾರದವಳು. ಸಮುರಾಯಿಗಳು ಯಾಕೆ ಅವಳನ್ನೇ ಬೇಡಿಕೊಂಡರು ಅಂತ ಬೇರೆ ಹೇಳಬೇಕಿಲ್ಲ. ಈ ಪಂಥದಲ್ಲಿ ಶಿಂಗೊನ್ ಬೌದ್ಧರ ಮುದ್ರೆ, ಮಂತ್ರಗಳೂ ಪಾಠದ ಭಾಗ. ಶಿಂಗೊನ್ ಮತವನ್ನ ಚೀನಾದಿಂದ ತಂದವರು ಕೂಕಾಯಿ. 804ರಲ್ಲಿ ಹೋಗಿ 806ರಲ್ಲಿ ಮರಳಿದರು. ಜೊತೆಗೆ ಸಂಸ್ಕೃತ ಬರೆಯುವ ಹಳೇ ಸಿದ್ಧಂ ಲಿಪಿ ಬಂತು. ಇಲ್ಲಿ ಅದಕ್ಕೆ ‘ಬೊಂಜಿ’ ಅಂತಾರೆ, ಅಂದರೆ ಬ್ರಹ್ಮನ ಅಕ್ಷರ. ಒಜೀಸಾನ್ ಮನೆಯ ಗೋಡೆಯ ಮೇಲೆ ಒಂದು ದೊಡ್ಡ ಬೊಂಜಿ ಇದೆ. ಅದರ ಪಕ್ಕ ಕಾಗದ ಇಟ್ಟು ನಾನು ಕನ್ನಡದಲ್ಲಿ ‘ಮ’ ಬರೆದೆ. ಎರಡೂ ಬ್ರಾಹ್ಮಿಯ ಮಕ್ಕಳು, ಒಂದು ಸಮುದ್ರ ದಾಟಿತು, ಒಂದು ನಮ್ಮ ಮನೆಯಲ್ಲೇ ಬೆಳೆಯಿತು ಅಂದೆ. ಅವರು ಎರಡೂ ಅಕ್ಷರಗಳನ್ನ ತುಂಬಾ ಹೊತ್ತು ನೋಡಿದರು. ಆ ಕಾಗದ ಈಗಲೂ ಅಲ್ಲೇ ಇದೆ.

ಇನ್ನು ಅಂದು ನಾನು ನೋಡಿದ್ದು. ಈ ಪಂಥದ ಕಟಾಗಳು, ಅಂದರೆ ಇಬ್ಬರು ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಆಡುವ ಅಭ್ಯಾಸಗಳು, ಉದ್ದ. ಬೇರೆ ಕಡೆ ಎರಡು ಮೂರು ಏಟಿಗೆ ಮುಗಿಯುವುದು ಇಲ್ಲಿ ಉಸಿರು ಕಟ್ಟುವವರೆಗೆ ನಡೆಯುತ್ತೆ. ರಣರಂಗದಲ್ಲಿ ಕವಚ ಹೊತ್ತು ಹೋರಾಡಬೇಕಿತ್ತು, ದಮ್ಮು ಬೇಕಿತ್ತು. ಹಾಗಾಗಿ ಏಟು ಹೋಗುವುದು ಕವಚದ ಸಂದುಗಳಿಗೆ: ಮಣಿಕಟ್ಟಿನ ಒಳಭಾಗ, ಕಂಕುಳು, ಕುತ್ತಿಗೆ, ತೊಡೆಯ ಒಳಗೆ. ಆದರೆ ನೋಡುವವರಿಗೆ ಹಾಗೆ ಕಾಣಿಸುವುದಿಲ್ಲ. ಕತ್ತಿಗೆ ಕತ್ತಿ ತಾಗಿ ಟಕ್ ಅಂದಾಗ ತಡೆದರು ಅಂದುಕೊಳ್ಳುತ್ತೇವೆ. ನಿಜದಲ್ಲಿ ಇಬ್ಬರೂ ಬೇಕಂತಲೇ ಸ್ವಲ್ಪ ದೂರ ನಿಂತಿರುತ್ತಾರೆ. ಒಂದು ಹೆಜ್ಜೆ ಹತ್ತಿರ ಬಂದರೆ ಎಷ್ಟೋ ಕಡೆ ಆ ಟಕ್ ಮಾಂಸಕ್ಕೆ ಬೀಳುವ ಏಟು. ದಾರಿಹೋಕರು ನೋಡಿ ಗುಟ್ಟು ಕದಿಯಬಾರದು ಅಂತ ಹೀಗೆ ಹೆಣೆದಿದ್ದಾರೆ. ಸಾವಿರ ಜನರ ಮುಂದೆ ಆಡಿದರೂ ಗುಟ್ಟು ಗುಟ್ಟಾಗೇ ಉಳಿಯುತ್ತೆ.

ಸೋಲುವ ಪಾತ್ರದ ಬಗ್ಗೆಯೂ ಕೇಳಿದೆ. ಅದು ಯಾವಾಗಲೂ ಹಿರಿಯರದ್ದೇ ಅಂತೆ. ಏಟು ತಗೊಳ್ಳುವವನು ದೂರ, ವೇಗ, ಲಯ ಎಲ್ಲ ಹಿಡಿದಿಟ್ಟುಕೊಂಡು, ಎದುರಿನವನನ್ನ ಅವನ ಅಳತೆಗಿಂತ ಒಂದು ಕೂದಲಷ್ಟು ಮುಂದಕ್ಕೆ ಎಳೆಯಬೇಕು. ಕಲಿಯುವವನಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಗುರುವೇ ಪ್ರತಿ ಸಲ ಕೊನೆಯ ಏಟಿಗೆ ಮೈಯೊಡ್ಡುತ್ತಾನೆ, ಸಾಯುವವರೆಗೂ.

ಈ ಕಲೆ ಉಳಿದಿದ್ದು ಸುಲಭಕ್ಕಲ್ಲ. 1876ರಲ್ಲಿ, ಶೋಗನ್‌ಗಳ ನಂತರ ಬಂದ ಮೇಜಿ ಸರ್ಕಾರ ಕತ್ತಿ ಕಟ್ಟಿಕೊಂಡು ಓಡಾಡುವುದನ್ನ ನಿಷೇಧಿಸಿತು. ಯಾರಿಗೂ ಬೇಡವಾದ ವಿದ್ಯೆ ಆಯಿತು ಇದು. 1945ರ ಸೋಲಿನ ನಂತರ ಅಮೆರಿಕನ್ ಸೇನೆ ಮನೆಗಳಿಂದ ಕತ್ತಿಗಳನ್ನ ಸಂಗ್ರಹಿಸಿತು. ಆ ಕಷ್ಟದ ವರ್ಷಗಳಲ್ಲಿ ಹಯಾಶಿ ಯಝಾಎಮೊನ್ ಕಲಿಸುತ್ತಿದ್ದರು. ಅವರ ಶಿಷ್ಯ ಓತಾಕೆ ರಿಸುಕೆ, 1926ರಲ್ಲಿ ಹುಟ್ಟಿದವರು, ಯುದ್ಧ ನಡೆಯುತ್ತಿದ್ದಾಗಲೇ ಹದಿಹರೆಯದಲ್ಲಿ ಆ ಪ್ರಮಾಣದ ಕಾಗದಕ್ಕೆ ರಕ್ತ ಒತ್ತಿದವರು. 1960ರಲ್ಲಿ ಚಿಬಾ ಪ್ರಾಂತ್ಯ ಇದನ್ನ ಅಮೂರ್ತ ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿತು. ಓತಾಕೆ ಮುಂದೆ ದಶಕಗಳ ಕಾಲ ಕಲಿಸಿ 2021ರಲ್ಲಿ ತೀರಿಕೊಂಡರು. ಡಾನ್ ಡ್ರೇಗರ್ ಅನ್ನೋ ಅಮೆರಿಕದ ಮಾಜಿ ಸೈನಿಕನೂ ಬಂದು ಪ್ರಮಾಣ ಮಾಡಿ ಕಲಿತ. ಸೋತವರ ಹಳ್ಳಿಯ ವಿದ್ಯೆಯನ್ನ ಗೆದ್ದ ದೇಶದ ಯೋಧ ಮಂಡಿಯೂರಿ ಕಲಿತಿದ್ದು ಎಂಥ ದೊಡ್ಡ ಸಂಗತಿ!

ಕಳೆದ ತಿಂಗಳು ಒಜೀಸಾನ್ ತಮ್ಮ ಮರದ ಕತ್ತಿಯನ್ನ ನನ್ನ ಕೈಗೆ ಕೊಟ್ಟರು. ಓಕ್ ಮರದ್ದು, ಅಂದುಕೊಂಡಿದ್ದಕ್ಕಿಂತ ಭಾರ. ಹಿಡಿಯ ಭಾಗ ಕೈ ಎಣ್ಣೆ ಕುಡಿದು ಕಪ್ಪಾಗಿದೆ. ಅಲಗಿನ ಉದ್ದಕ್ಕೂ ಹೆಬ್ಬೆರಳಿಗೆ ಸಿಗುವಂತೆ ತಗ್ಗುಗಳು, ಗೀರುಗಳು. ಇದು ಅವರ ಗುರುಗಳದ್ದಂತೆ. ಹಿಡಿಯ ಹತ್ತಿರ ಒರಟಾಗಿ ಬಿದ್ದ ಎರಡು ಆಳದ ತಗ್ಗು ತೋರಿಸಿ, "ಇವು ನನ್ನವು, ಇಪ್ಪತ್ತೆರಡನೇ ವಯಸ್ಸಲ್ಲಿ ಅವರಿಗೆ ಹೊಡೆದದ್ದು" ಅಂದರು. ಉಳಿದವೆಲ್ಲ ಒಜೀಸಾನ್ ಅವರ ಶಿಷ್ಯರು ಒಜೀಸಾನ್‌ಗೆ ಹೊಡೆದದ್ದು. ತುದಿಯಲ್ಲಿ ಒಂದು ಗೀರು ಇನ್ನೂ ಬೆಳ್ಳಗಿತ್ತು. ಯಾರದು ಅಂತ ಕೇಳಿದೆ. ಈ ವರ್ಷ ಸೇರಿದ ಹುಡುಗಿಯದು, ಹೋದ ಭಾನುವಾರದ್ದು ಅಂದರು. ಹೇಳುವಾಗ ಅವರ ಮುಖ ಅರಳಿತ್ತು.

ಆಮೇಲೆ ಕತ್ತಿಯನ್ನ ಬಟ್ಟೆಯ ಚೀಲಕ್ಕೆ ಇಳಿಸಿ, ಗೆಣಸಿನ ಮೂಟೆಗಳ ಪಕ್ಕ, ತಮ್ಮ ಪುಟ್ಟ ಬಿಳಿ ಟ್ರಕ್ಕಿನಲ್ಲಿ ಮಲಗಿಸಿದರು.