ಒಂಟೆ ಹತ್ತಿದ ದನದ ಡಾಕ್ಟ್ರು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಪಶು ಇಲಾಖೆಯಲ್ಲಿ ಪರೀಕ್ಷಕ. ಆದರೆ ದಾವಣಗೆರೆ ಹತ್ತಿರದ ಮಾಯಕೊಂಡದ ಆಚೆ ಯಾವ ಹಳ್ಳಿಗೆ ಹೋದರೂ "ದನದ ಡಾಕ್ಟ್ರು ಬಂದ್ರು" ಅಂತಲೇ ಅನ್ನುತ್ತಾರೆ. ಅದೂ ಮುಖ ಕಾಣುವ ಮೊದಲೇ, ಗಾಡಿ ಸದ್ದು ಕೇಳಿ. ನನ್ನ ಸ್ಪ್ಲೆಂಡರ್ ಬೈಕಿಗೆ ಎಂಜಿನ್ನಿನ ಟ್ಯಾಪೆಟ್ ಸದ್ದು ಸ್ವಲ್ಪ ಜಾಸ್ತಿ. ಸರಿ ಮಾಡಿಸಿದರೆ ಎರಡು ತಿಂಗಳು ಸುಮ್ಮನಿದ್ದು ಮತ್ತೆ ಶುರು. ಆಮೇಲಾಮೇಲೆ ನಾನೂ ಬಿಟ್ಟೆ. ಹಾರ್ನ್ ಹೊಡೆಯುವ ಕೆಲಸ ತಪ್ಪಿತು ಅಂದುಕೊಂಡೆ.

2009ರಲ್ಲಿ ತಗೊಂಡ ಗಾಡಿ. ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಅಂತಲೇ ಇದೆ. ಆ ಎರಡು ಕಂಪನಿಗಳು ಬೇರೆಯಾಗಿ ಎಷ್ಟೋ ವರ್ಷ ಆಯ್ತು, ನನ್ನ ಟ್ಯಾಂಕಿಗೆ ಸುದ್ದಿ ಮುಟ್ಟಿಲ್ಲ. 97.2 ಸಿಸಿ, ನಾಲ್ಕು ಗೇರು, ಕಿಕ್ ಮಾತ್ರ. ಮೀಟರಿನಲ್ಲಿ ಕಿಲೋಮೀಟರಿಗೆ ಐದೇ ಅಂಕಿ. 99,999 ಆಗಿ ಎಲ್ಲ ಸೊನ್ನೆಗೆ ತಿರುಗಿದ ದಿನ ಹದಡಿ ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಯಾರಿಗಾದರೂ ತೋರಿಸೋಣ ಅಂತ ಸುತ್ತ ನೋಡಿದೆ. ಯಾರೂ ಇರಲಿಲ್ಲ. ಆ ಸೊನ್ನೆಯ ಮೇಲೆ ಇನ್ನೂ ಅರವತ್ತು ಸಾವಿರ ಓಡಿತು. ಎಂಜಿನ್ ಬಿಚ್ಚಿಸಿದ್ದು ಒಂದೇ ಸಲ. ಲೀಟರಿಗೆ ಅರವತ್ತಕ್ಕೆ ಕಡಿಮೆ ಕೊಟ್ಟಿದ್ದು ನೆನಪಿಲ್ಲ. ದಾರಿಯಲ್ಲಿ ಕೈಕೊಟ್ಟಿದ್ದು ಎರಡು ಸಲ. ಅದರಲ್ಲಿ ಒಂದು ಸಲ ಪೆಟ್ರೋಲ್ ಹಾಕಿಸಲು ನಾನೇ ಮರೆತಿದ್ದೆ.

ಇಂಥ ಗಾಡಿ ಇಟ್ಟುಕೊಂಡು ಇನ್ನೊಂದು ಯಾಕೆ ತಗೊಂಡೆ? ಮನೆಯವಳೂ ಇದನ್ನೇ ಕೇಳಿದ್ದು. ಅದಕ್ಕೆ ಕಾರಣ ಕಪ್ಪು ಎರೆ ಮಣ್ಣು.

ನಾನು ಓಡಾಡುವ ಊರುಗಳಲ್ಲಿ ಅರ್ಧ ಕೆಂಪು ಮಸಾರಿ, ಅರ್ಧ ಎರೆ. ಮಸಾರಿಯಲ್ಲಿ ಮಳೆ ಬಂದರೆ ಗಾಡಿ ಜಾರುತ್ತದೆ, ಅಷ್ಟೇ. ಎರೆ ಹಾಗಲ್ಲ. ಚಕ್ರಕ್ಕೆ ಮೆತ್ತಿಕೊಂಡು, ಮೇಲೆ ಹೋಗಿ, ಮಡ್‌ಗಾರ್ಡ್ ಒಳಗೆ ತುಂಬಿಕೊಂಡು ಕೂರುತ್ತದೆ. ನೂರು ಅಡಿ ಹೋಗುವುದರೊಳಗೆ ಮುಂದಿನ ಚಕ್ರ ತಿರುಗುವುದೇ ನಿಲ್ಲುತ್ತದೆ. ಇಳಿದು, ಬೇಲಿಯಿಂದ ಒಂದು ಕಡ್ಡಿ ಮುರಿದು, ಚುಚ್ಚಿ ಚುಚ್ಚಿ ತೆಗೆಯಬೇಕು. ಮತ್ತೆ ನೂರು ಅಡಿ. ಮತ್ತೆ ಕಡ್ಡಿ.

2022ರ ಮಳೆಗಾಲ. ಒಬ್ಬ ರೈತರು ಬೆಳಿಗ್ಗೆ ಫೋನ್ ಮಾಡಿ, ಹಸು ಬೆದೆಗೆ ಬಂದಿದೆ, ರಾತ್ರಿಯಿಂದ ಕೂಗುತ್ತಿದೆ ಅಂದರು. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಸೂಜಿ, ಅಂದರೆ ಕೃತಕ ಗರ್ಭಧಾರಣೆ, ಹಾಕಬೇಕು, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ನಮ್ಮ ಕೆಲಸದ ಗಡಿಯಾರ ಇದು. ಹೊತ್ತು ತಪ್ಪಿದರೆ ಮುಂದಿನ ಬೆದೆಗೆ 21 ದಿನ. ರೈತರಿಗೆ ಅದು 21 ದಿನದ ಹಾಲಿನ ಲೆಕ್ಕ. ಸಂಜೆ ನಾಲ್ಕಕ್ಕೆ ಹೊರಟೆ. ಹಿಂದಿನ ಕ್ಯಾರಿಯರ್‌ಗೆ ಸೈಕಲ್ ಟ್ಯೂಬಿನಿಂದ ಬಿಗಿದ ನೈಟ್ರೋಜನ್ ಕ್ಯಾನ್. ಅದರೊಳಗೆ ಮೈನಸ್ 196 ಡಿಗ್ರಿಯಲ್ಲಿ ವೀರ್ಯದ ಸ್ಟ್ರಾಗಳು. ತೋಟದ ಮನೆ ಇನ್ನೂ ಒಂದು ಕಿಲೋಮೀಟರ್ ಇರುವಾಗ, ಎರಡೂ ಕಡೆ ತಲೆಯೆತ್ತರದ ಮೆಕ್ಕೆಜೋಳದ ನಡುವೆ, ಮುಂದಿನ ಚಕ್ರ ಗಕ್ಕನೆ ಕಚ್ಚಿಕೊಂಡಿತು. ಸ್ಪೀಡ್ ಏನೂ ಇರಲಿಲ್ಲ. ನಿಂತಲ್ಲೇ ಬಿದ್ದ ಹಾಗೆ ಮೆತ್ತಗೆ ಬಿದ್ದೆ. ಕ್ಯಾನ್ ಮಾತ್ರ ಟ್ಯೂಬ್ ಕಿತ್ತುಕೊಂಡು ಉರುಳಿ, ಮುಚ್ಚಳ ಹಾರಿ, ಬಿಳಿ ಹೊಗೆ ಕೆಸರಿನ ಮೇಲೆ ಹರಿಯಿತು. ದಾರಿ ತೋರಿಸಲು ಬಂದಿದ್ದ ಹುಡುಗ "ಸರ, ಗ್ಯಾಸ್ ಲೀಕು!" ಅಂತ ಜೋಳದೊಳಗೆ ಓಡಿಹೋದ. ಒಂದೇ ನಿಮಿಷ. ಕ್ಯಾನ್ ಎತ್ತಿ ನೋಡಿದರೆ ತಳದಲ್ಲಿ ಹೊಗೆಯೂ ಇಲ್ಲ.

ಆದರೂ ನಡೆದುಕೊಂಡು ಹೋದೆ. ಫೋನಿನಲ್ಲಿ ಹೇಳಲು ಮನಸ್ಸು ಬರಲಿಲ್ಲ. ರೈತರು ಏನೂ ಬೈಯಲಿಲ್ಲ. ನನ್ನ ಪ್ಯಾಂಟ್ ನೋಡಿ, "ಕಾಲು ತೊಳ್ಕಳ್ರಿ ಸರ, ಚಾ ಕುಡಿರಿ" ಅಂದರು. ಹಸು ಗೋದಲಿಯಲ್ಲಿ ಇನ್ನೂ ಕೂಗುತ್ತಿತ್ತು.

ಇದಾಗಿ ವರ್ಷದ ಮೇಲೆ, 2023ರ ದೀಪಾವಳಿಗೆ, ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕು ಮನೆಗೆ ಬಂತು. ನಾನು ನೋಡಿದ್ದು ಮುಂದಿನ ಮಡ್‌ಗಾರ್ಡ್ ಒಂದನ್ನೇ. ಟೈರಿಗೂ ಅದಕ್ಕೂ ನಡುವೆ ಕೈ ತೂರಿಸಿ ಆಡಿಸುವಷ್ಟು ಜಾಗ. 21 ಇಂಚಿನ ಚಕ್ರ. ನೆಲದಿಂದ 220 ಮಿಲಿಮೀಟರ್ ಎತ್ತರ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಚೆನ್ನಾಗಿಲ್ಲವಾ ಅಂತ ಭಾವಮೈದ ಕೇಳಿದ. ಚೆನ್ನಾಗಿದೆ, ಆದರೆ ಹೆಚ್ಚುಕಡಿಮೆ 200 ಕೆಜಿ. ಎರೆ ಹೊಲದಲ್ಲಿ ಮಲಗಿದರೆ ಎಬ್ಬಿಸಲು ಅವನು ಬರುತ್ತಾನಾ? ಇದು 160ರ ಒಳಗಿದೆ. ಶೋರೂಮಿನ ಹುಡುಗ ಉತ್ಸಾಹದಿಂದ "ಸರ್, ಲಡಾಖ್ ಪ್ಲ್ಯಾನ್ ಇದೆಯಾ?" ಅಂದ. "ಇಲ್ಲಪ್ಪಾ, ಮಾಯಕೊಂಡ" ಅಂದೆ. ಸ್ಪ್ಲೆಂಡರ್‌ಗೆ ಎಕ್ಸ್‌ಚೇಂಜ್‌ನಲ್ಲಿ ಎಂಟು ಸಾವಿರ ಅಂದರು. ವಾಪಸ್ ಮನೆಗೆ ತಂದೆ.

ಹೊಸ ಗಾಡಿಯ ಆನ್‌ರೋಡ್ ಲೆಕ್ಕ ಬರೆಯುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಇಂಥ ಬೈಕಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ದಿನ ಮನೆಯವಳು ಪೇಪರ್ ಮಡಿಚಿ ನನ್ನ ತಟ್ಟೆ ಪಕ್ಕ ಇಟ್ಟಳು. ಮಾತಾಡಲಿಲ್ಲ.

ಮೊದಲ ವಾರ ಕಾಲಿನದ್ದೇ ಕಾಟ. ಸ್ಪ್ಲೆಂಡರ್‌ನಲ್ಲಿ ಗೇರ್ ಏರಿಸಲು ಮುಂದಕ್ಕೆ ಒತ್ತಬೇಕು. ಒಂದು, ಎರಡು, ಮೂರು, ನಾಲ್ಕು, ಎಲ್ಲ ಒತ್ತುವುದೇ. ಇದರಲ್ಲಿ ಒಂದನೆಯದಕ್ಕೆ ಮಾತ್ರ ಒತ್ತಬೇಕು, ಉಳಿದ ನಾಲ್ಕಕ್ಕೆ ಬೆರಳಿನಿಂದ ಮೇಲೆತ್ತಬೇಕು. ಹದಿನಾಲ್ಕು ವರ್ಷದ ಕಾಲಿಗೆ ಯಾರು ಪಾಠ ಹೇಳುತ್ತಾರೆ? ಜಯದೇವ ಸರ್ಕಲ್‌ನಲ್ಲಿ ಮೂರರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಒತ್ತಿದೆ. ಗಾಡಿ ಹಂದಿ ಹಿಡಿದಾಗಿನ ಹಾಗೆ ಕಿರುಚಿತು. ಮಂಡಕ್ಕಿ ಗಾಡಿಯ ಹತ್ತಿರ ನಿಂತವರೆಲ್ಲ ತಿರುಗಿ ನೋಡಿದರು.

ಸೀಟು 825 ಮಿಲಿಮೀಟರ್. ನಾನು ಐದಡಿ ಐದಿಂಚು. ನಿಂತರೆ ಹೆಬ್ಬೆರಳ ತುದಿ ನೆಲಕ್ಕೆ ಮುಟ್ಟುತ್ತದೆ. ಹಾಗಾಗಿ ನಿಲ್ಲಿಸುವ ಮೊದಲು ಎಡಗಾಲಿಗೆ ಕಲ್ಲೋ ದಿಬ್ಬವೋ ಹುಡುಕುವ ಅಭ್ಯಾಸ ಆಯ್ತು. ಒಂದು ಹಟ್ಟಿಯಲ್ಲಿ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಏನಪ್ಪಾ ಡಾಕ್ಟ್ರೇ, ಒಂಟೆ ತಂದೀಯಾ?" ಅಂದರು. ಆವತ್ತಿನಿಂದ ಆ ಹಟ್ಟಿಯಲ್ಲಿ ಗಾಡಿಗೆ ಅದೇ ಹೆಸರು.

ಕ್ಯಾನ್ ಎಲ್ಲಿ ಇಡುವುದು ಅನ್ನುವುದು ಇನ್ನೊಂದು ತಲೆನೋವಾಯ್ತು. ಇದರ ಸೈಲೆನ್ಸರ್ ಬಲಗಡೆ ಮೇಲೆ, ತೊಡೆಯ ಹತ್ತಿರ ಹೋಗುತ್ತದೆ. ನೀರು ದಾಟಲು ಒಳ್ಳೆಯದು. ಆದರೆ ಮೊದಲ ದಿನ ಗೊತ್ತಾಗದೆ ಬ್ಯಾಗನ್ನು ಆ ಕಡೆಗೇ ತೂಗುಬಿಟ್ಟೆ. ಭುಜದವರೆಗೆ ಬರುವ ಪ್ಲಾಸ್ಟಿಕ್ ಗ್ಲೌಸ್, ಐವತ್ತರ ಕಟ್ಟು, ಒಂದೇ ಗಟ್ಟಿಯಾಗಿ ಅಂಟಿಕೊಂಡಿತ್ತು. ಆಮೇಲೆ ಪಿ.ಬಿ. ರಸ್ತೆಯ ಒಬ್ಬ ವೆಲ್ಡಿಂಗ್‌ನವರ ಹತ್ತಿರ ಎಡಗಡೆಗೆ ಕಬ್ಬಿಣದ ಬುಟ್ಟಿಯಂಥದ್ದು ಮಾಡಿಸಿ, ಒಳಗೆ ಹಳೇ ಟೈರಿನ ತುಂಡು ಹಾಸಿದೆ. ಈಗ ಕ್ಯಾನ್ ಅಲ್ಲಾಡುವುದಿಲ್ಲ. ಮನೆಯವಳು ಕೂರಲು ಜಾಗ ಇಲ್ಲ. ಅವಳಿಗೇನೂ ಬೇಸರವಿಲ್ಲ. ಹತ್ತಲು ಏಣಿ ಬೇಕು ಅಂತ ಮೊದಲೇ ಅಂದಿದ್ದಳು.

ಎರೆಯಲ್ಲಿ ಹೇಗೆ? ಎರಡು ಮಳೆಗಾಲ ಕಳೆದೆ. ಮುಂದಿನ ಚಕ್ರ ಒಮ್ಮೆಯೂ ಕಚ್ಚಿಲ್ಲ. ಹಿಂದೆ ಚೈನಿನ ಹತ್ತಿರ ಕಟ್ಟುತ್ತದೆ, ಆದರೆ ಎಂಜಿನ್‌ಗೆ ತಾಕತ್ತಿದೆ, ಕಿತ್ತುಕೊಂಡು ಹೋಗುತ್ತದೆ. ಸೊಂಟನೋವು ಅರ್ಧ ಕಡಿಮೆ. ಪೆಟ್ರೋಲ್ ಮಾತ್ರ ತಿಂಗಳಿಗೆ ಸಾವಿರದ ಹತ್ತಿರ ಜಾಸ್ತಿ, ಲೀಟರಿಗೆ ನಲವತ್ತು ಬಂದರೆ ಪುಣ್ಯ. ಟ್ಯೂಬ್ ಟೈರ್, ದೊಡ್ಡ ಸ್ಟ್ಯಾಂಡ್ ಇಲ್ಲ. ಜಾಲಿ ಮುಳ್ಳು ಚುಚ್ಚಿದರೆ ಗಾಡಿ ಎತ್ತಿ ನಿಲ್ಲಿಸಲು ಕಲ್ಲು ಹುಡುಕಬೇಕು. ಇನ್ನು ನಾಯಿಗಳು. ಸ್ಪ್ಲೆಂಡರ್ ಬಂದರೆ ಬಾಲವೂ ಅಲ್ಲಾಡಿಸದೆ ಬಿದ್ದಿರುತ್ತಿದ್ದ ನಾಯಿಗಳೆಲ್ಲ ಊರೂರಲ್ಲಿ ಅಟ್ಟಿಸಿಕೊಂಡು ಬಂದವು. ಮತ್ತೆ ಮೊದಲಿಂದ ಪರಿಚಯ ಮಾಡಿಕೊಳ್ಳಬೇಕಾಯ್ತು.

ಕೆಲಸಕ್ಕಲ್ಲದೆ ದೂರ ಹೋಗಿದ್ದು ಒಂದೇ ಸಲ. 2025ರ ಜನವರಿಯಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ. ಅದಕ್ಕೂ ಮೊದಲು ಬಿದ್ದಿದ್ದು 1933ರಲ್ಲಿ, 2022ರಲ್ಲಿ, ಎರಡೇ ಸಲ. ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರ ಅಡ್ಡಗಾಳಿಗೆ ಸ್ಪ್ಲೆಂಡರ್ ಆಗಿದ್ದರೆ ಪಕ್ಕದ ಲೇನಿಗೆ ಹೋಗುತ್ತಿದ್ದೆ. ಇದು ಎಂಬತ್ತರಲ್ಲಿ ಅಲುಗಾಡದೆ ಹೋಯ್ತು. ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ.

ಸ್ಪ್ಲೆಂಡರ್‌ಗೆ 2024ರಲ್ಲಿ ಹದಿನೈದು ವರ್ಷ ತುಂಬಿತು. ಆರ್‌ಸಿ ಇನ್ನೈದು ವರ್ಷಕ್ಕೆ ಮಾಡಿಸಿದೆ. ಬೇಸಿಗೆಯಲ್ಲಿ ಹತ್ತಿರದ ಊರುಗಳಿಗೆ ಅದೇ ಹೋಗುತ್ತದೆ. ಅದರ ಚೈನಿಗೆ ಪೂರ್ತಿ ಡಬ್ಬಿ ಇದೆ, ಒಳಗೆ ಚೈನ್ ಇದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಒಂಟೆಯದು ಬಯಲು ಚೈನು. ವಾರಕ್ಕೊಮ್ಮೆ ಸೀಮೆಎಣ್ಣೆ ಹಚ್ಚಿ, ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಉಜ್ಜಿ, ಒರೆಸಿ, ಎಣ್ಣೆ ಬಿಡಬೇಕು. ಭಾನುವಾರ ಸಂಜೆ ಅಂಗಳದಲ್ಲಿ ಅದೇ ಕೆಲಸ. ಕೂರಲು ಮಣೆ ಇಲ್ಲ, ಸ್ಪ್ಲೆಂಡರ್‌ನ ದೊಡ್ಡ ಸ್ಟ್ಯಾಂಡ್ ಹಾಕಿ ಅದರ ಫುಟ್‌ರೆಸ್ಟಿಗೆ ಬೆನ್ನು ಒರಗಿಸಿಕೊಂಡು ಕೂರುತ್ತೇನೆ. ಕಳೆದ ವಾರ ಬ್ರಷ್ ಸಿಗಲಿಲ್ಲ ಅಂತ ಮನೆಯವಳದ್ದು ತಗೊಂಡಿದ್ದೆ. ಇನ್ನೂ ಹೇಳಿಲ್ಲ.