ಹೆಸರಿಲ್ಲದ 14 ಕ್ಯೂಬ್‌ಗಳು

9 ಜೂನ್ 2024, ಭಾನುವಾರ, ರಾತ್ರಿ 10.40

ಇವತ್ತು ಬೆಳಿಗ್ಗೆ, ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟಿದ್ದ ಮಗುವಿನ ಊಟದ 14 ಕ್ಯೂಬ್‌ಗಳನ್ನು ಕಸದ ಬುಟ್ಟಿಗೆ ಹಾಕಿದೆ. ಅವು ಹಾಳಾಗಿರಲಿಲ್ಲ. ಏನು ಅಂತ ಗೊತ್ತಾಗಲಿಲ್ಲ, ಅಷ್ಟೇ. ಎಲ್ಲವೂ ಕಿತ್ತಳೆ ಬಣ್ಣ. ಕ್ಯಾರೆಟ್ ಇರಬಹುದು, ಕುಂಬಳಕಾಯಿ ಇರಬಹುದು, ಸಿಹಿಗೆಣಸೂ ಇರಬಹುದು. ಹೋದ ತಿಂಗಳು ಮೂರನ್ನೂ ಒಂದೇ ದಿನ ಬೇಯಿಸಿ, ರುಬ್ಬಿ, ಗಟ್ಟಿಯಾದ ಮೇಲೆ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದಿದ್ದೆ. ಮೂಸಿ ನೋಡಿದೆ, ಫ್ರೀಜರ್ ವಾಸನೆ ಬಿಟ್ಟರೆ ಬೇರೇನೂ ಬರಲಿಲ್ಲ. ನಾಲಿಗೆ ತುದಿಗೆ ತಾಗಿಸಿದೆ, ನಾಲಿಗೆ ಜೋಮು ಹಿಡಿಯಿತು. ಹೆಂಡತಿ ಪಕ್ಕದಲ್ಲಿ ನಿಂತು, "ಚೀಲದ ಮೇಲೆ ಬರೆಯೋಕೆ ಏನು ಕಷ್ಟ ಆಗಿತ್ತು?" ಅಂದಳು. ಕಷ್ಟ ಏನೂ ಇರಲಿಲ್ಲ. ನೆನಪಿರುತ್ತದೆ ಅಂದುಕೊಂಡಿದ್ದೆ. ಏಳು ತಿಂಗಳಿಂದ ನೆಟ್ಟಗೆ ನಿದ್ದೆ ಮಾಡದವನು ತನ್ನ ನೆನಪನ್ನು ನಂಬಬಾರದಿತ್ತು.

ಕ್ಯಾರೆಟ್ ಆದರೇನು, ಗೆಣಸಾದರೇನು, ಎಲ್ಲಾ ಒಂದೇ ಅಲ್ವಾ ಅಂತ ಒಂದು ಕ್ಷಣ ನನಗೂ ಅನಿಸಿತು. ಆದರೆ ನಾವು ಹೊಸ ತಿನಿಸನ್ನು ಒಂದೊಂದಾಗಿ ಕೊಡುತ್ತಿದ್ದೇವೆ. ಒಂದನ್ನು ಕೊಟ್ಟ ಮೇಲೆ 3ರಿಂದ 5 ದಿನ ಕಾಯುವುದು, ಮೈಮೇಲೆ ದದ್ದು ಏಳುತ್ತದೆಯಾ, ವಾಂತಿ ಭೇದಿ ಆಗುತ್ತದೆಯಾ ನೋಡುವುದು, ಆಮೇಲೆ ಮುಂದಿನದು. ಸಿಹಿಗೆಣಸಿನ ಸರದಿ ಇನ್ನೂ ಬಂದೇ ಇಲ್ಲ. ಹೆಸರಿಲ್ಲದ ಕ್ಯೂಬ್ ತಿನ್ನಿಸಿ ದದ್ದು ಎದ್ದರೆ ಯಾವುದನ್ನು ಅನುಮಾನಿಸೋದು?

ಹಾಗಾಗಿ ಮಧ್ಯಾಹ್ನ ಮತ್ತೆ ಶುರು. ಕ್ಯಾರೆಟ್, ಬಟಾಣಿ, ಸೇಬು. ಮೆತ್ತಗಾಗುವವರೆಗೆ ಹಬೆಯಲ್ಲಿ ಬೇಯಿಸಿ ಬೇರೆಬೇರೆಯಾಗಿ ರುಬ್ಬಿದೆ. ಉಪ್ಪಿಲ್ಲ, ಸಕ್ಕರೆ ಇಲ್ಲ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ಸುತರಾಂ ಇಲ್ಲ, ಅದರಲ್ಲಿ ಇರಬಹುದಾದ, ಕೂಸುಗಳಿಗೆ ಅಪಾಯಕಾರಿಯಾದ ಬೊಟುಲಿನಂ ಬ್ಯಾಕ್ಟೀರಿಯಾದ ಬೀಜಾಣುಗಳು ಮನೆಯ ಒಲೆಗೂ ಬಗ್ಗುವುದಿಲ್ಲ, ಫ್ರೀಜರಿಗೂ ಬಗ್ಗುವುದಿಲ್ಲ.

ರುಬ್ಬುವುದು ದೊಡ್ಡ ಕೆಲಸವೇ ಅಲ್ಲ, ಮಿಕ್ಸಿ ಮಾಡುತ್ತದೆ. ನಾನು ಮೊದಲಿಗೆ ತಪ್ಪು ಮಾಡಿದ್ದು ಆಮೇಲಿನ ಹಂತದಲ್ಲಿ. ಬಿಸಿ ಪಾತ್ರೆಯನ್ನು ಫ್ರಿಜ್‌ನಲ್ಲಿ ಇಡಬಾರದು ಅಂತ ಎಲ್ಲೋ ಕೇಳಿದ್ದು ತಲೆಯಲ್ಲಿ ಕೂತಿತ್ತು. ಹಾಗಾಗಿ ಪಾತ್ರೆ ತುಂಬಾ ಕುಂಬಳಕಾಯಿ ಮುದ್ದೆಯನ್ನು ಕಟ್ಟೆಯ ಮೇಲೆ ಆರಲು ಬಿಟ್ಟು, ಮಗುವನ್ನು ಮಲಗಿಸಲು ಹೋಗಿ, ನಾನೇ ಮಲಗಿಬಿಟ್ಟೆ. ಎದ್ದಾಗ ನಾಲ್ಕು ಗಂಟೆ ಕಳೆದಿತ್ತು, ಪಾತ್ರೆಯ ನಡುಭಾಗ ಇನ್ನೂ ಬೆಚ್ಚಗಿತ್ತು. ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದೇ ಆ ಬೆಚ್ಚಗಿನ ಹದ. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಬೆಳೆಯುತ್ತವೆ, ಹವೆ ಒಗ್ಗಿದರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಆಮೇಲೆ ಫ್ರೀಜರ್‌ಗೆ ಹಾಕಿದರೆ ಸತ್ತೇ ಹೋಗುತ್ತವೆ ಅಂದುಕೊಂಡಿದ್ದೆ. ಇಲ್ಲ. ಫ್ರೀಜರ್ ಅವನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ. (ಮಲಗಿಸುವ ವಿಷಯದಲ್ಲಿ ಅದು ನನಗಿಂತ ಎಷ್ಟೋ ವಾಸಿ.) ಎಷ್ಟು ಒಳಗೆ ಹೋದವೋ ಹೆಚ್ಚುಕಮ್ಮಿ ಅಷ್ಟೇ ಹೊರಗೆ ಬರುತ್ತವೆ, ಕರಗುತ್ತಿದ್ದಂತೆ ಮತ್ತೆ ಕೆಲಸ ಶುರು ಮಾಡುತ್ತವೆ.

ಈಗ ಹಾಗೆ ಬಿಡುವುದಿಲ್ಲ. ಅಗಲವಾದ ತಟ್ಟೆಗೆ ತೆಳ್ಳಗೆ ಹರಡುತ್ತೇನೆ, ತಟ್ಟೆಯನ್ನು ಐಸ್ ನೀರಿನ ಮೇಲೆ ಇಟ್ಟು ಕೈಯಾಡಿಸುತ್ತೇನೆ. ಇವತ್ತು ಹದಿನೈದು ನಿಮಿಷದಲ್ಲಿ ತಣ್ಣಗಾಯಿತು. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್ ಅಥವಾ ಫ್ರೀಜರ್ ಸೇರಬೇಕು, ಅದಕ್ಕಿಂತ ಬೇಗ ಆದರೆ ಇನ್ನೂ ಒಳ್ಳೆಯದು.

ಐಸ್ ಟ್ರೇಯ ಒಂದು ಗುಳಿಯಲ್ಲಿ ಸುಮಾರು 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚ ಹಿಡಿಯುತ್ತದೆ. ನಮ್ಮವನು ಸದ್ಯ ಒಂದು ಹೊತ್ತಿಗೆ ಮೂರು ಕ್ಯೂಬ್ ತಿನ್ನುತ್ತಾನೆ, ಮುನಿಸಿದ್ದರೆ ಅರ್ಧ. ಟ್ರೇಗೆ ಮುಚ್ಚಳ ಹಾಕಿ ರಾತ್ರಿಯಿಡೀ ಇಟ್ಟರೆ ಕಲ್ಲಿನಂತೆ ಆಗುತ್ತದೆ, ಬೆಳಿಗ್ಗೆ ಬಿಡಿಸಿ ಚೀಲಕ್ಕೆ ಹಾಕಿ, ಗಾಳಿಯನ್ನೆಲ್ಲಾ ಹಿಂಡಿ ತೆಗೆದು ಬಿಗಿಯಾಗಿ ಮುಚ್ಚುವುದು. ಗಾಳಿ ಉಳಿದರೆ ಮೇಲ್ಮೈ ಒಣಗಿ ಬಿಳಿ ಬಿಳಿ ಮಚ್ಚೆ ಬರುತ್ತದೆ, ಅದು ವಿಷವೇನಲ್ಲ, ಆದರೆ ರುಚಿ ರಟ್ಟಿನ ಹಾಗೆ. ಗಾಜಿನ ಬಾಟಲಿಯ ಪ್ರಯೋಗವೂ ಒಮ್ಮೆ ಆಗಿದೆ. ಕಂಠದವರೆಗೆ ತುಂಬಿ ಮುಚ್ಚಳ ಬಿಗಿದಿದ್ದೆ. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ ಅಂತ ಶಾಲೆಯಲ್ಲಿ ಓದಿ ಪರೀಕ್ಷೆಯಲ್ಲೂ ಬರೆದಿದ್ದೆ, ಅಡುಗೆಮನೆಯಲ್ಲಿ ನೆನಪಾಗಿದ್ದು ಸೀಳಿದ ಬಾಟಲಿ ನೋಡಿದಾಗ. ಚೂರು ಎಲ್ಲಿದೆಯೋ ಯಾರಿಗೆ ಗೊತ್ತು, ಪೂರ್ತಿ ಎಸೆದೆ.

ಎಲ್ಲವೂ ಫ್ರೀಜರ್‌ಗೆ ಒಗ್ಗುವುದಿಲ್ಲ. ಬಟಾಣಿ, ಕ್ಯಾರೆಟ್, ಸೇಬು ಚೆನ್ನಾಗಿ ಬರುತ್ತವೆ. ಆಲೂಗೆಡ್ಡೆ ಮಿಕ್ಸಿಯಲ್ಲೇ ಗೋಂದಾಗುತ್ತದೆ, ಕರಗಿಸಿದ ಮೇಲೆ ನೀರು ಬೇರೆ, ತರಿ ಬೇರೆ. ಬಾಳೆಹಣ್ಣು ಕಪ್ಪಾಗುತ್ತದೆ. ಅದನ್ನು ಯಾಕಾದರೂ ಫ್ರೀಜ್ ಮಾಡಬೇಕು ಅಂತ ನನಗೆ ಅರ್ಥವಾಗಿಲ್ಲ, ಸಿಪ್ಪೆ ಸುಲಿದು ಚಮಚದಲ್ಲಿ ಕಿವುಚಲು ಅರ್ಧ ನಿಮಿಷ ಸಾಕು.

ಎಷ್ಟು ದಿನ ಇಡಬಹುದು? ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಹಾಳಾಗುವುದು ರುಚಿ ಮತ್ತು ಹದ. ತರಕಾರಿ, ಹಣ್ಣಿನದ್ದು 6ರಿಂದ 8 ತಿಂಗಳು ಇಡಬಹುದು ಅನ್ನುತ್ತಾರೆ, ಮಾಂಸ ಸೇರಿದ್ದರೆ 1ರಿಂದ 2 ತಿಂಗಳು. ನಾನು ಯಾವುದನ್ನೂ ಎರಡು ತಿಂಗಳ ಮೇಲೆ ಇಡುವುದಿಲ್ಲ, ಅಷ್ಟರಲ್ಲಿ ಮಗು ನುಣ್ಣಗಿನದ್ದನ್ನು ಬಿಟ್ಟು ತರಿತರಿ ಕೇಳುತ್ತಾನೆ. ಬರೀ ಫ್ರಿಜ್‌ನಲ್ಲಾದರೆ ತರಕಾರಿ 2-3 ದಿನ, ಮಾಂಸ ಒಂದೇ ದಿನ.

ಅಮ್ಮನಿಗೆ ಇದೆಲ್ಲಾ ಹಿಡಿಸಿಲ್ಲ. ಫೋನಿನಲ್ಲಿ, "ಮಗೂಗೆ ವಾರದ ಹಿಂದಿನ ತಂಗಳು ಹಾಕ್ತೀಯಾ?" ಅಂತ ಕೇಳಿದಳು. ಬೆಳಿಗ್ಗೆ ಎಂಟಕ್ಕೆ ಮಾಡಿ ಮಧ್ಯಾಹ್ನ ಒಂದರವರೆಗೆ ಕಟ್ಟೆಯ ಮೇಲೆ ಇಟ್ಟದ್ದಕ್ಕಿಂತ, ಬೇಯಿಸಿದ ಗಂಟೆಯೊಳಗೆ ಫ್ರೀಜರ್ ಸೇರಿದ ಬಟಾಣಿಯೇ ತಾಜಾ ಅಂತ ನನ್ನ ವಾದ. ಹೇಳಿದೆ. "ನಿನ್ನನ್ನು ಹಾಗೆ ಬೆಳೆಸಲಿಲ್ಲ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೆ ಕರಗಿಸುವಾಗ ಸೋಮಾರಿತನ ಮಾಡಿದರೆ ಅಮ್ಮನ ಮಾತೇ ನಿಜವಾಗುತ್ತದೆ. ಕ್ಯೂಬ್ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಯಬೇಕು, ಕಟ್ಟೆಯ ಮೇಲೆ ಕರಗಲು ಬಿಡುವ ಹಾಗಿಲ್ಲ. ಕರಗಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಫ್ರೀಜ್ ಮಾಡುವಂತಿಲ್ಲ. ಬಿಸಿ ಮಾಡುವುದು ಒಂದೇ ಸಲ, ಅದೂ ನಡುಭಾಗವೂ ಹಬೆಯಾಡುವಷ್ಟು, ಸುಮಾರು 74 ಡಿಗ್ರಿ. ಮೈಕ್ರೋವೇವ್ ಆದರೆ ಚೆನ್ನಾಗಿ ಕಲಕಲೇಬೇಕು, ಒಂದು ಕಡೆ ತಣ್ಣಗಿದ್ದು ಇನ್ನೆಲ್ಲೋ ಒಂದು ಕಡೆ ಕೆಂಡ ಇರುತ್ತದೆ. ಆಮೇಲೆ ಆರಿಸಿ ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡುವುದು.

ಬಟ್ಟಲಲ್ಲಿ ಉಳಿದದ್ದನ್ನು ಎತ್ತಿಡುವ ಆಸೆ ಮಾತ್ರ ಸುಲಭವಾಗಿ ಬಿಡುವುದಿಲ್ಲ. ಒಮ್ಮೆ ಆಲೂಗೆಡ್ಡೆ ಮುಕ್ಕಾಲು ಬಟ್ಟಲು ಉಳಿಯಿತು, ಫ್ರಿಜ್‌ನಲ್ಲಿಟ್ಟೆ. ಸಂಜೆ ನೋಡಿದರೆ ನೀರು ನೀರು. ಚಮಚ ಬಾಯಿಗೆ ಹೋಗಿ ಬಟ್ಟಲಿಗೆ ಬರುವಾಗ ಜೊಲ್ಲನ್ನೂ ತರುತ್ತದೆ, ಅದರಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆಯುತ್ತಾ ಕೂರುತ್ತದೆ, ಜೊತೆಗೆ ಬಾಯಿಯ ಬ್ಯಾಕ್ಟೀರಿಯಾ ಬೇರೆ. ಅದಾದ ಮೇಲೆ ಮೊದಲು ಸ್ವಲ್ಪವೇ ಬಡಿಸಿ, ಕೇಳಿದರೆ ಇನ್ನಷ್ಟು ಹಾಕುತ್ತೇನೆ.

ಹೋದ ವಾರ ಇನ್ನೊಂದು ಪ್ರಸಂಗ. ಚೀಲದ ತುದಿ ಸಿಕ್ಕಿಕೊಂಡು ಫ್ರೀಜರ್ ಬಾಗಿಲು ರಾತ್ರಿಯಿಡೀ ಬೆರಳಗಲ ತೆರೆದಿತ್ತು, ಮುಂದಿನ ಸಾಲಿನ ಸೇಬಿನ ಕ್ಯೂಬ್‌ಗಳೆಲ್ಲಾ ಮೆತ್ತಗಾಗಿದ್ದವು. ಕಣ್ಣಿಗೆ ಬಿದ್ದದ್ದು ಪುಣ್ಯ. ನಾವು ಊರಲ್ಲಿಲ್ಲದಾಗ ಆಗಿ, ಮತ್ತೆ ಗಟ್ಟಿಯಾಗಿದ್ದರೆ? ಅದಕ್ಕೇ ಈಗ ಒಂದು ಲೋಟದಲ್ಲಿ ಮಂಜುಗಡ್ಡೆ ಕಟ್ಟಿಸಿ, ಮೇಲೊಂದು ನಾಣ್ಯ ಇಟ್ಟು ಫ್ರೀಜರ್ ಮೂಲೆಯಲ್ಲಿ ಇಟ್ಟಿದ್ದೇನೆ. ನಾಣ್ಯ ಮೇಲೇ ಇದ್ದರೆ ಸರಿ, ಮುಳುಗಿದ್ದರೆ ಎಲ್ಲಾ ಒಮ್ಮೆ ಕರಗಿದೆ ಅಂತ ಲೆಕ್ಕ.

ಬೆಳಗ್ಗೆಗೆ ಹಳೆಯ ಬಟಾಣಿಯ ಮೂರು ಕ್ಯೂಬ್ ಕೆಳಗೆ ಇಳಿಸಿದ್ದಾಯಿತು. ಹೊಸ ಟ್ರೇಗಳು ಮೇಲೆ ಗಟ್ಟಿಯಾಗುತ್ತಿವೆ. ಮೂರು ಖಾಲಿ ಚೀಲದ ಮೇಲೆ ಹೆಸರು, ತಾರೀಖು ಈಗಲೇ ಬರೆದಿಟ್ಟೆ, ತಣ್ಣಗಿನ ಒದ್ದೆ ಚೀಲದ ಮೇಲೆ ಶಾಯಿ ನಿಲ್ಲುವುದಿಲ್ಲ. ಮಾರ್ಕರ್ ಹುಡುಕುವ ಕೆಲಸವೂ ಇರಲಿಲ್ಲ. ಹೆಂಡತಿ ಅದಕ್ಕೆ ದಾರ ಕಟ್ಟಿ ಫ್ರೀಜರ್ ಹಿಡಿಗೆ ನೇತುಹಾಕಿದ್ದಾಳೆ.